ಕಪ್ಪು ಕಾರು, ಹಳದಿ ಬಟ್ಟೆ

ನಮ್ಮ ಕಾರಿನ ಬಣ್ಣ ಕಪ್ಪು. ಶೋರೂಮಿನಿಂದ ಹಲಸೂರಿನ ಮನೆಗೆ ತಂದ ದಿನ ಅದರ ಬಾನೆಟ್ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಒಂದು ವರ್ಷದ ಮೇಲೆ, ಒಂದು ರಾತ್ರಿ ಹಳೆ ಮದ್ರಾಸು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ, ಬಾನೆಟ್ಟಿನಲ್ಲಿ ಕಾಣುತ್ತಿದ್ದ ದೀಪದ ಸುತ್ತ ಜೇಡರ ಬಲೆ ಹೆಣೆದಂತೆ ಸಣ್ಣ ಗೀರುಗಳು. ಯಾರೂ ಕೀಲಿ ಎಳೆದಿರಲಿಲ್ಲ, ಕಲ್ಲು ಸಿಡಿದಿರಲಿಲ್ಲ. ವಿಚಾರಿಸುತ್ತಾ ಹೋದರೆ ಅಷ್ಟನ್ನೂ ಮಾಡಿದವರು ನಾವೇ. ದಿನಾ ಬೆಳಿಗ್ಗೆ, ಬಲು ಪ್ರೀತಿಯಿಂದ. ಆಗ ನಾವು ನಂಬಿದ್ದ ಮಾತುಗಳು ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಪಾರ್ಕಿಂಗ್ ಜಾಗಗಳಲ್ಲಿ ಇವತ್ತೂ ಓಡಾಡುತ್ತಿವೆ.

ತಪ್ಪು ಕಲ್ಪನೆ: ದಿನಾ ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಕಾರು ಹೊಸದರಂತೆಯೇ ಇರುತ್ತದೆ, ಬಟ್ಟೆ ಮೆತ್ತಗಿದ್ದರೆ ಸಾಕು.

ವಾಸ್ತವ: ಗೀರು ಎಳೆಯುವುದು ಬಟ್ಟೆಯಲ್ಲ, ಬಟ್ಟೆಯ ಅಡಿಗೆ ಸಿಕ್ಕಿಕೊಂಡ ಧೂಳು. ಬೆಂಗಳೂರು ನಿಂತಿರುವುದೇ ಗ್ರಾನೈಟ್ ಜಾತಿಯ ಬಂಡೆಯ ಮೇಲೆ. ಅದರಲ್ಲಿ ಬೆಣಚುಕಲ್ಲು ಧಾರಾಳ. ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಎಂದರೂ ಅದೇ ಕಲ್ಲಿನ ಪುಡಿ. ಟಿನ್ ಫ್ಯಾಕ್ಟರಿ ದಾಟಿ ಹೊರವರ್ತುಲ ರಸ್ತೆಗೆ ಇಳಿದು, ಮೆಟ್ರೊ ನೀಲಿ ಮಾರ್ಗದ ಕೆಲಸ ನಡೆದ ಕಡೆ ಒಂದು ಸುತ್ತು ಹೋಗಿ ಬಂದವರಿಗೆ ಬಾನೆಟ್ಟಿನ ಮೇಲೆ ಕೂರುವುದು ಏನೆಂದು ಹೇಳಬೇಕಾಗಿಲ್ಲ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನದು 7. ಕಿಟಕಿ ಗಾಜನ್ನೇ ಗೀರುವ ವಸ್ತು ಅದು.

ಇನ್ನು ಅದಕ್ಕೆ ಎದುರು ನಿಂತಿರುವುದು ಏನು? ಬಣ್ಣದ ಮೇಲೆ ಬಳಿದ ಪಾರದರ್ಶಕ ಪದರ, ಕ್ಲಿಯರ್ ಕೋಟ್. ದಪ್ಪ ಸುಮಾರು 40ರಿಂದ 50 ಮೈಕ್ರಾನ್. ನಾವು ಬರೆಯುವ ಹಾಳೆಯೇ ಹತ್ತಿರ ಹತ್ತಿರ 100 ಮೈಕ್ರಾನ್ ಇರುತ್ತದೆ. ಆ ಅರ್ಧ ಹಾಳೆಯ ಮೇಲೆ ಸಿಗ್ನಲ್ಲಿನಲ್ಲಿ ಕೊಂಡ ಹಳದಿ ಬಟ್ಟೆಯಿಂದ ದಿನಾ ಮರಳು ಉಜ್ಜಿದೆವು. ವೃತ್ತಾಕಾರದಲ್ಲಿ ಒರೆಸಿದ್ದಕ್ಕೇ ಸುತ್ತುಗೀರು ಬಂತು ಎನ್ನುವವರಿದ್ದಾರೆ. ಅದೂ ಪೂರ್ತಿ ಸರಿಯಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ದೀಪಕ್ಕೆ ಅಡ್ಡಲಾಗಿ ಬಿದ್ದವು ಮಾತ್ರ ಮಿನುಗುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತವೆ. ಬಿಳಿ ಕಾರಿನ ಮೈಮೇಲೂ ಅಷ್ಟೇ ಗೀರು ಇರುತ್ತದೆ, ಬಿಳಿಯಲ್ಲಿ ಬಿಳಿ ಕಾಣುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಮುಂಜಾನೆ ಕಾರು ಒರೆಸುವ ಹುಡುಗನನ್ನು ಬೈಯುವುದು ಸುಲಭ. ಅವನಿಗೆ ಸಿಗುವುದು ಒಂದು ಬಕೆಟ್ ನೀರು, ಒಂದು ಬಟ್ಟೆ, ಹತ್ತು ಕಾರು. ಮೊದಲ ಕಾರಿನ ಚಕ್ರದ ಮಣ್ಣು ಏಳನೇ ಕಾರಿನ ಬಾನೆಟ್ಟಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ನಾವು ಕೊನೆಗೆ ಅವನಿಗೆ ಹೇಳಿದ್ದು ಇಷ್ಟೇ: ಗಾಜು ಮಾತ್ರ ಒರೆಸಪ್ಪ, ಮೈ ಮುಟ್ಟಬೇಡ. ಸಂಬಳ ಅಷ್ಟೇ ಕೊಡುತ್ತೇವೆ. ಅವನಿಗೆ ನಮ್ಮ ತಲೆ ಸರಿಯಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ.

ತಪ್ಪು ಕಲ್ಪನೆ: ಪೈಪಿನಲ್ಲಿ ಧಾರಾಳ ನೀರು ಬಿಟ್ಟರೆ ಕಾರು ಚೊಕ್ಕ, ನೀರು ಯಾವುದಾದರೇನು?

ವಾಸ್ತವ: ಮೊದಲು ಕಾನೂನು. 2024ರ ಮಾರ್ಚಿನಲ್ಲಿ, ನಗರ ನೀರಿಗೆ ಪರದಾಡುತ್ತಿದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿತು. ದಂಡ 5,000 ರೂಪಾಯಿ. ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500 ಹೆಚ್ಚುವರಿ. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೊಮ್ಮೆ ಹೊರಬಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಏರಿಸಿದ ಕಾವೇರಿಯನ್ನು ಚಕ್ರಕ್ಕೆ ಸುರಿಯುವುದು ದಂಡ ಇಲ್ಲದಿದ್ದರೂ ನಾಚಿಕೆಯ ಕೆಲಸವೇ.

ಇನ್ನು ನೀರಿನ ಜಾತಿ. ಕೆ.ಆರ್. ಪುರದ ಕಡೆಯ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ಲು, ಇಲ್ಲವೇ ಟ್ಯಾಂಕರ್. ನಾವು ಉಪ್ಪು ನೀರು ಎನ್ನುವುದು ಅದನ್ನೇ. ಹನಿ ಆರಿದರೂ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಆರುವುದಿಲ್ಲ, ಬಿಳಿ ಉಂಗುರವಾಗಿ ಕೂರುತ್ತದೆ. ಕಪ್ಪು ಬಾನೆಟ್ಟಿನಲ್ಲಿ ಆ ಉಂಗುರಗಳು ರಂಗೋಲಿಯ ಚುಕ್ಕಿಗಳಷ್ಟು ಸ್ಪಷ್ಟ. ಬರದ ಆ ಬೇಸಿಗೆಯಲ್ಲಿ ನಾವೂ ಜಾಣತನ ಮಾಡಿ, ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ತೊಳೆದೆವು. ಯಂತ್ರ ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಸೇರಿರುವುದು ಆ ನೀರಿನಲ್ಲೇ! ಚಕ್ರಕ್ಕೆ, ಮ್ಯಾಟಿಗೆ ಅದು ಆದೀತು, ಮೈಗೆ ಕೊನೆಯ ನೀರಾಗಿ ಖಂಡಿತ ಬೇಡ. ಕೊನೆಯ ಸುತ್ತಿಗೆ ಎಲ್ಲಕ್ಕಿಂತ ಒಳ್ಳೆಯದು ಮಳೆನೀರು, ಅದರಲ್ಲಿ ಲವಣ ತೀರಾ ಕಡಿಮೆ. 60 ಅಡಿ 40 ಅಡಿ ಸೈಟಿನ ಹಳೆ ಮನೆಗಳಿಗೂ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಇಂದಿರಾನಗರದಲ್ಲಿ ಅಂಥ ಮನೆಗಳಿಗೆ ಬರವಿಲ್ಲ. ಹಾಗೆಂದು ಕಾರನ್ನೇ ಮಳೆಗೆ ನಿಲ್ಲಿಸಿದರೆ ತೊಳೆದಂತಾಗುವುದಿಲ್ಲ. ಮೊದಲ ಮಳೆ ಗಾಳಿಯ ಧೂಳನ್ನೆಲ್ಲ ಹೊತ್ತುಕೊಂಡೇ ಇಳಿಯುತ್ತದೆ.

ಪ್ರಮಾಣದ ಮಾತು: ನಮ್ಮ ಪೈಪು 20 ಲೀಟರಿನ ಬಕೆಟ್ ತುಂಬಿಸಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟರೆ 130 ಲೀಟರ್ ಚರಂಡಿಗೆ. ಎರಡು ಬಕೆಟ್ಟಿನಲ್ಲಿ ಕೆಲಸ ಮುಗಿಯುತ್ತದೆ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಬರಿ ನೀರಿನದರಿಂದ ಮೊದಲು ಮಗ್ಗಿನಲ್ಲಿ ಮೇಲಿನಿಂದ ಹನಿಸಿ ಧೂಳು ಇಳಿಸಿ. ಶಾಂಪೂ ಬಟ್ಟೆಯನ್ನು ಒಂದೊಂದು ಭಾಗ ಮುಗಿದ ಮೇಲೂ ಬರಿ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದಿ. ಮೇಲ್ಛಾವಣಿ ಮೊದಲು, ಚಕ್ರ ಕೊನೆ, ಚಕ್ರದ ಬಟ್ಟೆ ಬೇರೆ. ಆ ಎರಡನೇ ಬಕೆಟ್ಟಿನ ತಳದಲ್ಲಿ ನಿಂತ ಮರಳನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿದ ಮೇಲೆ ನಾವು ಒಣಬಟ್ಟೆ ಹಿಡಿದಿಲ್ಲ.

ತಪ್ಪು ಕಲ್ಪನೆ: ಬಿಸಿಲಿನಲ್ಲಿ ನೀರಿನ ಹನಿ ಭೂತಗನ್ನಡಿಯಂತೆ ಬಣ್ಣ ಸುಡುತ್ತದೆ.

ವಾಸ್ತವ: ಸುಡುವುದಿಲ್ಲ. ಚಪ್ಪಟೆಯಾಗಿ ಕೂತ ಹನಿಯ ಬೆಳಕು ಕೂಡುವ ಬಿಂದು ಲೋಹದ ಮೇಲ್ಮೈಗಿಂತ ಬಹಳ ಕೆಳಗೆ ಬೀಳುತ್ತದೆ. ಬಿಸಿಲಿನಲ್ಲಿ ತೊಳೆಯಬಾರದು ಎಂಬ ಮಾತು ಮಾತ್ರ ನಿಜ, ಕಾರಣ ಬೇರೆ: ಒರೆಸುವ ಮೊದಲೇ ಶಾಂಪೂ, ಉಪ್ಪು ಎರಡೂ ಒಣಗಿ ಅಂಟುತ್ತವೆ. ಅಂಗೈ ಇಟ್ಟು ನೋಡಿ. ಬಾನೆಟ್ ಬೆಚ್ಚಗಿದ್ದರೆ ಕಾಯಿರಿ.

ತಪ್ಪು ಕಲ್ಪನೆ: ಪಾತ್ರೆ ತೊಳೆಯುವ ಸೋಪು ಬಣ್ಣವನ್ನೇ ತಿಂದುಹಾಕುತ್ತದೆ.

ವಾಸ್ತವ: ಇದು ಅತಿಯಾಯಿತು. ಒಂದು ಸಲ ಹಾಕಿದರೆ ಬಣ್ಣಕ್ಕೇನೂ ಆಗುವುದಿಲ್ಲ. ಆದರೆ ಜಿಡ್ಡು ತೆಗೆಯುವುದೇ ಅದರ ಕಸುಬು, ನೀವು ಕಷ್ಟಪಟ್ಟು ಹಚ್ಚಿದ ವ್ಯಾಕ್ಸ್ ಕೂಡ ಅದಕ್ಕೆ ಜಿಡ್ಡೇ.

ತಪ್ಪು ಕಲ್ಪನೆ: ಪಾಲಿಶ್, ವ್ಯಾಕ್ಸ್ ಎರಡೂ ಒಂದೇ, ತಿಂಗಳಿಗೊಮ್ಮೆ ಚೆನ್ನಾಗಿ ಉಜ್ಜಿದಷ್ಟೂ ಹೊಳಪು ಹೆಚ್ಚು.

ವಾಸ್ತವ: ಈ ತಪ್ಪಿಗೆ ಒಂದು ಗೌರವದ ಇತಿಹಾಸವಿದೆ. ನಮ್ಮ ಮಾವನವರ ಬಳಿ ಅಂಬಾಸಿಡರ್ ಇತ್ತು. ಆಗಿನ ಬಣ್ಣಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ. ಬಿಸಿಲಿಗೆ ಮೇಲ್ಪದರ ಸುಣ್ಣದಂತೆ ಮಂಕಾಗುತ್ತಿತ್ತು, ಪಾಲಿಶ್ ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತಿ ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಅವರು ಉಜ್ಜಿದ್ದು ಸರಿ. ನಾವು ಹೊಸ ಕಾರಿಗೆ ಅದನ್ನೇ ಮಾಡಿದ್ದು ತಪ್ಪು.

ಪಾಲಿಶ್ ಎಂದರೆ ನವುರಾದ ಉಜ್ಜುಪುಡಿ. ಗೀರಿನ ಅಂಚನ್ನು ಸವೆಸಿ ಸುತ್ತಲಿನ ಮಟ್ಟಕ್ಕೆ ತರುತ್ತದೆ. ಅಂದರೆ ಪ್ರತಿ ಸಲವೂ ಆ ಅರ್ಧ ಹಾಳೆಯಿಂದ ಒಂದಿಷ್ಟು ತೆಗೆಯುತ್ತದೆ. ವ್ಯಾಕ್ಸ್ ಎಂದರೆ ಮೇಣ. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೋಬಾ ಮೇಣ ಇದರಲ್ಲಿ ಹೆಸರುವಾಸಿ. ಅದು ಮೇಲೆ ಕೂರುತ್ತದೆ, ಏನನ್ನೂ ಸವೆಸುವುದಿಲ್ಲ. ಕೆಲವು ವಾರಗಳಲ್ಲಿ ತೊಳೆದುಹೋಗುತ್ತದೆ. ಆದ್ದರಿಂದ ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ ಇರಲಿ, ಪಾಲಿಶ್ ಗೀರು ಕಣ್ಣಿಗೆ ಚುಚ್ಚಿದಾಗ ಮಾತ್ರ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಮನೆಯ ಪಾಲಿಶ್ ತೆಗೆಯಲಾರದು, ಹಟ ಹಿಡಿದು ಉಜ್ಜಬೇಡಿ. ವ್ಯಾಕ್ಸನ್ನು ಬೆಣ್ಣೆ ದೋಸೆಯ ಬೆಣ್ಣೆಯಂತೆ ಮೆತ್ತುವವರೂ ಇದ್ದಾರೆ. ತೆಳ್ಳಗೆ ಸವರಿ, ಮಂಕಾದ ಮೇಲೆ ಶುಭ್ರ ಮೈಕ್ರೋಫೈಬರ್ ಬಟ್ಟೆಯಲ್ಲಿ ತೆಗೆದರೆ ಸಾಕು.

ತಪ್ಪು ಕಲ್ಪನೆ: ಸೀಮೆಎಣ್ಣೆ ಅಥವಾ ಡೀಸೆಲ್ ಸವರಿದರೆ ವ್ಯಾಕ್ಸಿನ ಖರ್ಚು ಉಳಿಯುತ್ತದೆ.

ವಾಸ್ತವ: ಸಂಜೆಯವರೆಗೆ ಉಳಿಯುತ್ತದೆ. ಎಣ್ಣೆಯ ಹೊಳಪಿಗೆ ಬೀದಿಯ ಧೂಳೆಲ್ಲ ಅಂಟಿ, ಮರುದಿನ ಒರೆಸುವಾಗ ಮತ್ತೆ ಬೆಣಚುಕಲ್ಲು.

ತಪ್ಪು ಕಲ್ಪನೆ: 9ಎಚ್ ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿಗೆ ಗೀರೇ ಬೀಳುವುದಿಲ್ಲ.

ವಾಸ್ತವ: ಆ 9ಎಚ್ ಬಂದಿರುವುದು ಪೆನ್ಸಿಲ್ ಪರೀಕ್ಷೆಯಿಂದ, ಖನಿಜಗಳ ಮಾಪನದಿಂದಲ್ಲ. ಅತಿ ಗಟ್ಟಿ ಪೆನ್ಸಿಲ್ಲಿನ ಮೊನೆಗೆ ಗೀರು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ವ್ಯಾಕ್ಸಿಗಿಂತ ಬಹುಕಾಲ ಇರುತ್ತದೆ. ಅಷ್ಟಕ್ಕೆ ಹಣ ಕೊಡುವುದಾದರೆ ಕೊಡಿ. ತೊಳೆಯುವ ಕ್ರಮ ಮಾತ್ರ ಬದಲಾಗದು.

ತಪ್ಪು ಕಲ್ಪನೆ: ಕಪ್ಪು ಶನಿಯ ಬಣ್ಣ, ಅದಕ್ಕೇ ಕಪ್ಪು ಕಾರು ಬೇಗ ಕೆಡುತ್ತದೆ, ಆಯುಧಪೂಜೆಯಲ್ಲಿ ಇಟ್ಟ ಅರಿಶಿನ ಕುಂಕುಮ ತಾನಾಗಿ ಹೋಗಬೇಕೇ ಹೊರತು ನಾವು ಒರೆಸಬಾರದು.

ವಾಸ್ತವ: ದೃಷ್ಟಿ ತಾಗದಿರಲೆಂದು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವವರು, ಅದೇ ಕಪ್ಪು ಕಾರಿನ ಮೈತುಂಬ ಇದ್ದರೆ ಹೆದರುವುದೇಕೆ ಎಂದು ನಮ್ಮ ಮನೆಯ ಹಿರಿಯರನ್ನೇ ಕೇಳಿದೆವು. ಉತ್ತರ ಬರಲಿಲ್ಲ, ಕಾಫಿ ಬಂತು. ಕಪ್ಪು ಬಣ್ಣ ಬಿಸಿಲಿಗೆ ಹೆಚ್ಚು ಕಾಯುತ್ತದೆ, ಗೀರನ್ನು ಬಚ್ಚಿಡುವುದಿಲ್ಲ: ಅದರ ದೋಷ ಈ ಎರಡೇ. ಕುಂಕುಮದ ವಿಷಯ ಬೇರೆ. ನೀರಿನಲ್ಲೋ ಎಣ್ಣೆಯಲ್ಲೋ ಕಲಸಿದ ಅರಿಶಿನ, ಅಂಗಡಿ ಕುಂಕುಮದ ಬಣ್ಣ ವಾರಗಟ್ಟಲೆ ಬಿಸಿಲು ಕಾದರೆ ಕಲೆ ಉಳಿಯುತ್ತದೆ, ಆಮೇಲೆ ಉಜ್ಜಿ ತೆಗೆಯುವಾಗ ಗೀರು ಬೀಳುತ್ತದೆ. ಪೂಜೆ ಬಿಡಬೇಕಿಲ್ಲ. ಗಾಜಿಗೆ ಅದ್ಯಾವುದೂ ಇಳಿಯುವುದಿಲ್ಲ. ಈ ಸಲ ಬೊಟ್ಟನ್ನು ಬಾನೆಟ್ಟಿಗೆ ಬಿಟ್ಟು ಮುಂಗಾಜಿನ ಮೂಲೆಗೆ ಇಡಿ.