ಬಣ್ಣವಳಿದ ನೀರು

ಬಣ್ಣದ ಬಟ್ಟೆಯನ್ನು ನೆರಳಿನಲ್ಲಿ ಒಣಹಾಕಬೇಕೆಂಬುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಿವೇಕ. ಬಿಸಿಲು ಬಣ್ಣವನ್ನು ತಿನ್ನುತ್ತದೆಂದು ತಿಳಿಯಲು ಯಾವ ಗೃಹಿಣಿಗೂ ರಸಾಯನಶಾಸ್ತ್ರದ ಪಾಠ ಬೇಕಾಗಿರಲಿಲ್ಲ. ಬಣ್ಣಗಾರನ ಹೋರಾಟವೆಲ್ಲ ಈ ಬಿಸಿಲಿನೊಡನೆ, ನೀರಿನೊಡನೆ, ಸಾಬೂನಿನೊಡನೆ. 1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಕ್ವಿನೈನನ್ನು ತಯಾರಿಸಹೊರಟು, ಅದರ ಬದಲು ನೇರಳೆ ಬಣ್ಣವೊಂದನ್ನು ಪಡೆದನು. ಅಲ್ಲಿಂದ ಮೊದಲಾದ ಕೃತಕ ವರ್ಣಗಳ ಯುಗದಲ್ಲಿ ಕ್ರಮೇಣ ಬಣ್ಣಗಾರನ ಕೈ ಮೇಲಾಯಿತು. ಬಿಸಿಲಿಗೆ ಬಾಡದ, ಒಗೆತಕ್ಕೆ ಜಗ್ಗದ ಗಟ್ಟಿ ಬಣ್ಣಗಳು ಬಂದವು.

ಆದರೆ ಬಟ್ಟೆಯಲ್ಲಿ ಗುಣವೆನಿಸಿದ್ದು ಹೊಳೆಯಲ್ಲಿ ದೋಷವಾಯಿತು. ತೊಟ್ಟಿಗೆ ಹಾಕಿದ ಬಣ್ಣವೆಲ್ಲ ನೂಲಿಗೆ ಹತ್ತುವುದಿಲ್ಲ. ಮಿಕ್ಕದ್ದು ತೊಳೆದ ನೀರಿನೊಡನೆ ಹೊರಕ್ಕೆ ಹರಿಯುತ್ತದೆ. ಸಾಬೂನಿಗೆ ಜಗ್ಗದ ಬಣ್ಣ ನೀರಿನ ಸೂಕ್ಷ್ಮಜೀವಿಗಳಿಗೂ ಅಷ್ಟು ಸುಲಭವಾಗಿ ಜಗ್ಗದು. ಅದು ಬೆಳಕು ಆಳಕ್ಕೆ ಇಳಿಯದಂತೆ ತಡೆಯುತ್ತದೆ. ಬೆಳಕಿಲ್ಲದೆಡೆ ಜಲಸಸ್ಯಗಳು ಆಮ್ಲಜನಕವನ್ನು ಕೊಡಲಾರವು. ಆಮ್ಲಜನಕವಿಲ್ಲದೆ ಮೀನು ಬಾಳಲಾರದು.

ಬಣ್ಣವನ್ನು ತಿನ್ನುವ ಬೆಳಕನ್ನೇ ಈ ನೀರಿನ ಶುದ್ಧಿಗೆ ಹಚ್ಚಬಾರದೇಕೆ? ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿ ಟೈಟೇನಿಯಂ ಡೈ ಆಕ್ಸೈಡ್ ಎಂಬ ಪುಡಿಯಿರುತ್ತದೆ. ಬೆಳಕು ಬಿದ್ದಾಗ ಈ ಪುಡಿ ವರ್ಣವಸ್ತುವನ್ನು ಬಿಳಿಚಿಸಬಲ್ಲದೆಂದು ಗುಡೀವ್ ಮತ್ತು ಕಿಚನರ್ ಎಂಬ ವಿಜ್ಞಾನಿಗಳು 1938ರಲ್ಲಿಯೇ ಪ್ರಕಟಿಸಿದ್ದರು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ, ಇದೇ ವಸ್ತುವಿನ ಮೇಲೆ ಬೆಳಕನ್ನು ಹಾಯಿಸಿ ನೀರನ್ನು ವಿಭಜಿಸಬಹುದೆಂದು ತೋರಿಸಿದ ಮೇಲೆ ಲೋಕದ ಗಮನ ಇತ್ತ ಹರಿಯಿತು.

ಮದುವೆ ಕುದುರಿಸುವವನು ತಾನು ಹಸೆಮಣೆ ಏರುವುದಿಲ್ಲ. ದ್ಯುತಿವೇಗವರ್ಧಕದ ರೀತಿಯೂ ಅದೇ. ತಾನು ವ್ಯಯವಾಗದೆ ಅದು ಕಾರ್ಯವನ್ನು ಸಾಧಿಸಿಕೊಡುತ್ತದೆ. ಬೆಳಕು ತಾಕಿದಾಗ ಪುಡಿಯೊಳಗಿನ ಎಲೆಕ್ಟ್ರಾನು ತನ್ನ ನೆಲೆಯಿಂದ ಮೇಲೇಳುತ್ತದೆ. ತೆರವಾದ ಆ ಎಡೆ ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡಾಗ ಹೈಡ್ರಾಕ್ಸಿಲ್ ಎಂಬ ಉಗ್ರ ಕಣ ಹುಟ್ಟುತ್ತದೆ. ಎದ್ದುಹೋದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಂಡು ತಾನೂ ಚುರುಕಾಗುತ್ತದೆ. ಇವೆರಡರ ದಾಳಿಗೆ ಸಿಕ್ಕಿದ ಬಣ್ಣದ ಅಣು ಒಡೆಯದೆ ಉಳಿಯದು.

ಇಲ್ಲಿ ನಮ್ಮ ವ್ಯಾಕರಣದ ಒಂದು ಮಾತು ನೆರವಿಗೆ ಬರುತ್ತದೆ. ಬಟ್ಟೆಯ ಬಣ್ಣಗಳಲ್ಲಿ ಬಹುಪಾಲು ಆಜೋ ವರ್ಗಕ್ಕೆ ಸೇರಿದವು. ಎರಡು ಸಾರಜನಕ ಪರಮಾಣುಗಳ ಸಂಧಿಯೇ ಅವುಗಳ ಬಣ್ಣದ ಮುಖ್ಯ ನೆಲೆ. ಆ ಸಂಧಿ ಬಿಡಿಸಿದೊಡನೆ ಬಣ್ಣ ಮಾಯ. ಆದರೆ ಸಂಧಿ ಬಿಡಿಸಿದ ಮಾತ್ರಕ್ಕೆ ಪದಗಳು ಅಳಿಯುತ್ತವೆಯೆ? ಬೆಂಜೀನಿನ ಉಂಗುರಗಳನ್ನು ಹೊತ್ತ ತುಣುಕುಗಳು ನೀರಿನಲ್ಲಿ ಇನ್ನೂ ಇರುತ್ತವೆ. ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತಲೂ ಹಾನಿಕರವಾಗಬಹುದು. ಬೆಳಕನ್ನು ಮತ್ತಷ್ಟು ಹೊತ್ತು ಹಾಯಿಸಿದರೆ ಅವೂ ಕ್ರಮೇಣ ಒಡೆದು ಇಂಗಾಲದ ಡೈ ಆಕ್ಸೈಡ್, ನೀರು, ಸರಳ ಲವಣಗಳಾಗುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೆಥಿಲೀನ್ ನೀಲಿ ತಿಳಿಯಾದೊಡನೆ ದೀಪವನ್ನು ಆರಿಸುವ ವಿದ್ಯಾರ್ಥಿ ಈ ಉಳಿದರ್ಧ ಕಾರ್ಯವನ್ನು ಮರೆಯಬಾರದು. ನೀರಿನಲ್ಲಿ ಉಳಿದಿರುವ ಸಾವಯವ ಇಂಗಾಲವನ್ನು ಅಳೆದಾಗಲೇ ಫಲ ತಿಳಿಯುವುದು.

ತೊಡಕುಗಳು ಬೇರೆಯೂ ಇವೆ. ಈ ಪುಡಿಯನ್ನು ಎಚ್ಚರಿಸಲು ಸುಮಾರು 3.2 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಅದು ದೊರೆಯುವುದು ನೇರಳಾತೀತ ಕಿರಣಗಳಲ್ಲಿ. ನಮ್ಮ ಬಿಸಿಲಿನಲ್ಲಿ ಅವುಗಳ ಪಾಲು ಶೇಕಡಾ 5ರಷ್ಟು ಮಾತ್ರ. ದೀಪ ಹಚ್ಚೋಣವೆಂದರೆ ವಿದ್ಯುತ್ತಿನ ವೆಚ್ಚ. ಕಂಡ ಬೆಳಕಿನಲ್ಲಿಯೂ ದುಡಿಯುವಂತೆ ಸಾರಜನಕ ಮೊದಲಾದವನ್ನು ಬೆರೆಸಿ ಪುಡಿಯನ್ನು ಪಳಗಿಸುವ ಯತ್ನಗಳು ನಡೆದಿವೆ. ಕಡುಬಣ್ಣದ ನೀರು ತಾನೇ ಬೆಳಕಿಗೆ ಅಡ್ಡಿ. ಆದ್ದರಿಂದ ಈ ವಿಧಾನ ಬೇರೆ ಶುದ್ಧೀಕರಣಗಳ ಬಳಿಕ ಬರುವ ಹಂತವಾಗಿಯೇ ಹೆಚ್ಚು ಸಲ್ಲುತ್ತದೆ.

ಇದೆಲ್ಲ ಪ್ರಯೋಗಶಾಲೆಯ ಸೂಕ್ಷ್ಮವಷ್ಟೇ ಅಲ್ಲವೆಂಬುದನ್ನು ತಮಿಳುನಾಡಿನ ತಿರುಪ್ಪೂರಿನ ಕಥೆ ತೋರಿಸುತ್ತದೆ. ನಾವು ತೊಡುವ ಬನಿಯನ್ನುಗಳಿಗೆ ಹೆಸರಾದ ಊರು ಅದು. ಕಾವೇರಿಯನ್ನು ಸೇರುವ ನೊಯ್ಯಲ್ ನದಿಗೆ 1992ರಲ್ಲಿ ಕಟ್ಟಿದ ಒರತುಪಾಳ್ಯಂ ಅಣೆಕಟ್ಟು ಹೊಲಗಳಿಗೆ ನೀರುಣಿಸುವ ಬದಲು ಬಣ್ಣದ ಕಾರ್ಖಾನೆಗಳ ಕೊಳೆಯ ಕೊಳವಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು; 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಬಣ್ಣದ ಘಟಕಗಳನ್ನು ಮುಚ್ಚಿಸಲು ಆಜ್ಞೆಯಿತ್ತಿತು. ಆ ಹೊಲಗಳನ್ನು ಕೆಡಿಸಿದ್ದು ಬಣ್ಣವೊಂದೇ ಅಲ್ಲ, ಬಣ್ಣವನ್ನು ಹತ್ತಿಯ ನೂಲಿಗೆ ಹಿಡಿಸಲು ಬಳಸಿದ ಉಪ್ಪು. ಉಪ್ಪಿಗೆ ಬಣ್ಣವಿಲ್ಲ, ಬೆಳಕಿನ ಯಾವ ವೇಗವರ್ಧಕವೂ ಅದನ್ನು ಒಡೆದು ಇಲ್ಲವಾಗಿಸಲಾರದು. ನೀರನ್ನು ಪೊರೆಗಳ ಮೂಲಕ ಒತ್ತಿ ಸೋಸಿ, ಉಳಿದದ್ದನ್ನು ಕಾಯಿಸಿ ಇಂಗಿಸಿಯೇ ಅದನ್ನು ಬೇರ್ಪಡಿಸಬೇಕು. ಆ ವೆಚ್ಚವನ್ನು ಬಟ್ಟೆಯ ಬೆಲೆ ಹೊರದಿದ್ದರೆ ಕೆಳದಂಡೆಯ ರೈತನ ಹೊಲ ಹೊರುತ್ತದೆ.

‘ಬಣ್ಣ ಬಯಲಾಯಿತು’ ಎಂದರೆ ಮರೆಯಲ್ಲಿದ್ದ ಸತ್ಯ ಹೊರಬಿತ್ತೆಂದು ನಮ್ಮ ನುಡಿಯಲ್ಲಿ ಅರ್ಥ. ನೀರಿನ ವಿಷಯದಲ್ಲಿ ಮಾತು ತಿರುಗುಮುರುಗು. ಕೆಂಪಾಗಿಯೋ ನೀಲಿಯಾಗಿಯೋ ಹರಿಯುವ ಕಾಲುವೆಯನ್ನು ಕಂಡವರೆಲ್ಲ ದೂರುತ್ತಾರೆ. ತಿಳಿಯಾಗಿ ಹರಿಯುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಬೆಳಕು ಬಣ್ಣವನ್ನು ಕಳೆದುಕೊಟ್ಟ ಮೇಲೆಯೂ ಆ ನೀರಿನಲ್ಲಿ ಇನ್ನೇನಿದೆಯೆಂದು ಕೇಳುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.