ನೀರೆತ್ತುವ ಮೋಟಾರುಗಳ ವಿದ್ಯುತ್ ವ್ಯಯವೂ ಅದನ್ನು ತಗ್ಗಿಸುವ ಕ್ರಮವೂ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯಲ್ಲಿಯೂ ನೆರೆಯ ಗುಂಡ್ಲುಪೇಟೆ ಸೀಮೆಯಲ್ಲಿಯೂ ಅರಿಶಿನ, ಬಾಳೆ ಮೊದಲಾದ ಬೆಳೆಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ನಂಬಿರುವುದು ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ವಿದಿತವಾದ ಸಂಗತಿ. 2008ನೆಯ ಇಸವಿಯಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಸರ್ಕಾರದವರು ವಿದ್ಯುತ್ತನ್ನು ಉಚಿತವಾಗಿ ಒದಗಿಸುತ್ತಿರುವುದರಿಂದ, ಮೋಟಾರು ಎಷ್ಟು ಕರೆಂಟನ್ನು ನುಂಗುತ್ತದೆಂಬ ಯೋಚನೆಯು ರೈತರಲ್ಲಿ ಹುಟ್ಟದಿರುವುದು ಸಹಜವೇ. ಆದರೆ ಬಿಲ್ಲು ಬಾರದಿದ್ದರೂ ನಷ್ಟವು ಬೇರೆ ದಾರಿಯಿಂದ ಬಂದೇ ಬರುತ್ತದೆ.

5 ಅಶ್ವಶಕ್ತಿಯ ಮೋಟಾರು ಪಂಪಿಗೆ ಒಪ್ಪಿಸತಕ್ಕ ಶಕ್ತಿಯು ಸುಮಾರು ಮೂರುಮುಕ್ಕಾಲು ಕಿಲೋವಾಟು. ಇದಕ್ಕಾಗಿ ನೂರಕ್ಕೆ 65ರ ದಕ್ಷತೆಯುಳ್ಳ ಸವೆದ ಮೋಟಾರು ಐದೂಮುಕ್ಕಾಲು ಕಿಲೋವಾಟನ್ನು ಸೆಳೆಯುವುದು. ನೂರಕ್ಕೆ 80ರದು ನಾಲ್ಕೂಮುಕ್ಕಾಲಿನೊಳಗೇ ಮುಗಿಸುವುದು. ಹೆಚ್ಚಾಗಿ ಸೆಳೆದದ್ದೆಲ್ಲ ಬರಿಯ ಶಾಖ. ಇದಲ್ಲದೆ, ಕೆಪಾಸಿಟರಿಲ್ಲದ ಮೋಟಾರು ಕೆಲಸಕ್ಕೊದಗದ ಕರೆಂಟನ್ನೂ ತಂತಿಗಳಲ್ಲಿ ಹರಿಸುತ್ತದೆ. ಪವರ್ ಫ್ಯಾಕ್ಟರು 0.75 ಇರುವ ಇಂತಹ ಹಳೆಯ ಮೋಟಾರುಗಳಾದರೆ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಮೂರನ್ನು ಮಾತ್ರ ಹೊರಬಲ್ಲದು; ಕೆಪಾಸಿಟರಿನಿಂದ 0.95ಕ್ಕೆ ಏರಿಸಿದ ಒಳ್ಳೆಯ ಮೋಟಾರುಗಳಾದರೆ ಐದನ್ನು ಹೊರುವುದು.

ಭಾರ ಮೀರಿದಾಗ ವೋಲ್ಟೇಜು ಇಳಿಯುವುದು ಒಬ್ಬರ ಹೊಲದಲ್ಲಲ್ಲ, ಆ ತಂತಿಯ ಮೇಲಿರುವ ಎಲ್ಲರ ಹೊಲಗಳಲ್ಲಿ. ವೋಲ್ಟೇಜು ನೂರಕ್ಕೆ 10 ಇಳಿದರೆ, ಅದೇ ಭಾರವನ್ನು ಹೊತ್ತ ಮೋಟಾರಿನ ಕರೆಂಟು ನೂರಕ್ಕೆ 11ರಷ್ಟು ಏರಿ, ಸುರುಳಿಯಲ್ಲಿ ಹುಟ್ಟುವ ಶಾಖವು ನೂರಕ್ಕೆ 23ರಷ್ಟು ಹೆಚ್ಚುತ್ತದೆ. ಮೋಟಾರು ಸುಡುವುದು ಹೀಗೆ. ಸುಟ್ಟದ್ದನ್ನು ವೈಂಡಿಂಗಿಗೆ ಕೊಟ್ಟಾಗ ಅಗ್ಗವಾಗಲೆಂದು ತೆಳ್ಳನೆಯ ತಂತಿ ಸುತ್ತಿಸಿದರಂತೂ ಅದು ಮೊದಲಿಗಿಂತ ಬೇಗ ಕಾಯುವುದು. ನಮ್ಮ ಸೀಮೆಯಲ್ಲಿ ಉಚಿತ ವಿದ್ಯುತ್ತಿನ ನಿಜವಾದ ಬೆಲೆಯನ್ನು ವೈಂಡಿಂಗ್ ಅಂಗಡಿಯಲ್ಲಿ ಕೊಡುತ್ತಿದ್ದೇವೆಂದರೆ ತಪ್ಪಾಗಲಾರದು.

2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋದವರು ಪಂಪ್‌ಸೆಟ್ಟುಗಳಿಗೆ ನಕ್ಷತ್ರದ ಗುರುತನ್ನು ಗೊತ್ತುಮಾಡಿರುವರು. ಐದು ನಕ್ಷತ್ರಗಳದು ಉತ್ತಮೋತ್ತಮ. ನೆರೆಯ ಮಂಡ್ಯ ಜಿಲ್ಲೆಯಲ್ಲಿ, ನಮಗೂ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯೊಳಗೆ, ಹಳೆಯ ಪಂಪುಗಳಿಗೆ ಬದಲಾಗಿ ಇಂತಹವನ್ನು ಹೂಡುವ ಯೋಜನೆಯನ್ನು ಈಗಾಗಲೇ ನಡೆಸಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯದರಷ್ಟೇ ಅಶ್ವಶಕ್ತಿಯ ದಕ್ಷ ಪಂಪನ್ನು ಇಳಿಸಿದರೆ ಕರೆಂಟು ಅಷ್ಟಾಗಿ ಉಳಿಯದು, ನೀರು ಮಾತ್ರ ಹೆಚ್ಚು ಬರುವುದು. ಬಾವಿಯೂ ಬೇಗ ಬರಿದಾಗುವುದು. ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿರುವುದನ್ನು ಮರೆಯಲಾಗದು. ಆದುದರಿಂದ ನೀರಿನ ಮಟ್ಟವನ್ನು ಅಳೆಯಿಸಿ, ಆ ಆಳಕ್ಕೆ ತಕ್ಕ ಪಂಪನ್ನೂ, ಸಾಧ್ಯವಿದ್ದಲ್ಲಿ ಏಳೂವರೆಗೆ ಬದಲು 5 ಅಶ್ವಶಕ್ತಿಯದನ್ನೂ ಆರಿಸತಕ್ಕದ್ದು.

ಒಬ್ಬರೇ ಬದಲಾಯಿಸಿದರೆ ವೋಲ್ಟೇಜು ಸುಧಾರಿಸದು. ಗ್ರಾಮದ ಯಜಮಾನರು ಒಂದೇ ಟ್ರಾನ್ಸ್‌ಫಾರ್ಮರಿನ ಹಿಡುವಳಿದಾರರನ್ನೆಲ್ಲ ಕೂಡಿಸಿ, ಮೊದಲು ಪ್ರತಿಯೊಂದು ಮೋಟಾರಿಗೂ ತಕ್ಕ ಅಳತೆಯ ಕೆಪಾಸಿಟರನ್ನು ಹಾಕಿಸುವುದು. ಬಳಿಕ ಮುಂದೆ ಸುಡುವ ಮೋಟಾರನ್ನು ವೈಂಡಿಂಗಿಗೆ ಕಳುಹಿಸದೆ ನಕ್ಷತ್ರದ ಗುರುತಿನದನ್ನೇ ಕೊಳ್ಳುವಂತೆ ಅವರೊಳಗೆ ಒಪ್ಪಂದ ಮಾಡಿಸುವುದು.