ಕೆರೆಯ ನೀರು ಹೊಸದಾಗುವ ಕ್ರಮ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೆರೆಗಳನ್ನು ಕುರಿತು

ಕೆರೆಯು ತುಂಬಿ ಕೋಡಿ ಬಿದ್ದಿತೆಂದರೆ ಊರಿಗೆ ಊರೇ ಹಿಗ್ಗುವುದು. ಗಂಗಾಪೂಜೆ ನಡೆಯುವುದು, ಬಾಗಿನವು ಅರ್ಪಿತವಾಗುವುದು. ವರ್ಷಕ್ಕೆ ಸುಮಾರು ೫೦೦ ಮಿಲಿಮೀಟರ್, ಎಂದರೆ ೨೦ ಅಂಗುಲದ ಆಸುಪಾಸಿನಲ್ಲಿ ಮಾತ್ರ ಮಳೆ ಕಾಣುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಹಿಗ್ಗು ಸಹಜವಾದುದು. ಆದರೆ ಕೋಡಿ ಹರಿದ ಮಾತ್ರಕ್ಕೆ ಹಳೆಯ ನೀರೆಲ್ಲ ಹೋಗಿ ಹೊಸ ನೀರು ನಿಂತಿತೆಂದು ಭಾವಿಸುವುದು ಸರಿಯಲ್ಲ. ಕೆರೆ ತುಂಬುವುದು ಬೇರೆ, ಕೆರೆಯ ನೀರು ಬದಲಾಗುವುದು ಬೇರೆ. ಈ ಭೇದವನ್ನು ತಿಳಿಯದಿದ್ದಲ್ಲಿ ಅಚ್ಚುಕಟ್ಟಿನ ಭೂಮಿ ಕ್ರಮೇಣ ಚೌಳಾಗುವುದು. ಕೆರೆಗೆ ಬಿಟ್ಟ ಮೀನೂ ಕೈಗೆ ಹತ್ತದೆ ಹೋಗುವುದು.

ನಿಂತ ನೀರಿನ ಉಪ್ಪು

ಹಳ್ಳದಿಂದ ಬರುವ ನೀರು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಅಲ್ಪಸ್ವಲ್ಪ ಉಪ್ಪು ಕರಗಿಯೇ ಇರುವುದು. ಈ ಸೀಮೆಯಲ್ಲಿ ಬಯಲಿನಲ್ಲಿ ನಿಂತ ನೀರು ಬಿಸಿಲಿಗೂ ಗಾಳಿಗೂ ಆವಿಯಾಗುವ ಪ್ರಮಾಣವು ಬೀಳುವ ಮಳೆಯ ಮೂರರಷ್ಟಕ್ಕೂ ಮಿಗಿಲು. ಆವಿಯಾಗುವುದು ನೀರು ಮಾತ್ರ. ಉಪ್ಪು ಕೆರೆಯಲ್ಲಿಯೇ ಉಳಿಯುವುದು. ಒಂದು ಲೀಟರಿಗೆ ೩೦೦ ಮಿಲಿಗ್ರಾಂ ಉಪ್ಪುಳ್ಳ ೫ ಪಾಲು ನೀರು ಬೇಸಿಗೆಯಲ್ಲಿ ಬತ್ತಿ ೧ ಪಾಲಿಗೆ ಇಳಿದರೆ, ಜಿನುಗಿ ಹೋಗುವುದನ್ನು ಬಿಟ್ಟು ಲೆಕ್ಕ ಹಾಕಿದಲ್ಲಿ, ಆ ಉಳಿದ ನೀರಿನ ಉಪ್ಪು ಲೀಟರಿಗೆ ೧,೫೦೦ ಮಿಲಿಗ್ರಾಂ ಆಗುವುದು. ಅಂದರೆ ತಳದಲ್ಲಿ ನಿಂತ ಆ ಒಂದು ಪಾಲಿನಲ್ಲಿ ಐದು ಪಾಲು ನೀರಿನ ಉಪ್ಪೂ ಅಡಗಿರುವುದು.

ಇಂತಹ ನೀರನ್ನು ಹೊಲಕ್ಕೆ ಹಾಯಿಸಿದರೆ ಆಗುವುದೇನು? ಲೀಟರಿಗೆ ೫೦೦ ಮಿಲಿಗ್ರಾಂ ಉಪ್ಪುಳ್ಳ ನೀರನ್ನು ಒಂದು ಎಕರೆಗೆ ಒಂದು ಅಡಿಯ ಆಳದಷ್ಟು ಒಟ್ಟಾರೆ ಹಾಯಿಸಿದಲ್ಲಿ ಸುಮಾರು ೬೦೦ ಕಿಲೋಗ್ರಾಂ ಉಪ್ಪು ಆ ಭೂಮಿಗೆ ಸೇರುವುದು. ತೊಳೆದುಹೋಗಲು ಬಸಿಗಾಲುವೆಯೂ ಸಾಕಷ್ಟು ಮಳೆಯೂ ಇಲ್ಲದ ಕಡೆ ಅದು ವರ್ಷ ವರ್ಷವೂ ಕೂಡುತ್ತ ಬರುವುದು. ಈ ಸೀಮೆಯ ಮುಖ್ಯ ಬೆಳೆಗಳಲ್ಲೊಂದಾದ ಈರುಳ್ಳಿಯು ಉಪ್ಪನ್ನು ತಾಳಲಾರದು.

ಅಳಿವೆಗಳ ದೃಷ್ಟಾಂತ

ನೀರು ಬದಲಾಗುವುದರ ಮಹತ್ತ್ವವನ್ನು ಕರಾವಳಿಯ ಬೆಸ್ತರು ಚೆನ್ನಾಗಿ ಬಲ್ಲರು. ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆಯೆಂದು ಹೆಸರು. ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲುಗಳನ್ನು ಆಯುವುದೂ, ಕಾಸರಗೋಡು ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಬಿದಿರಿನ ಚಪ್ಪರಕ್ಕೆ ಹಗ್ಗಗಳನ್ನು ಇಳಿಬಿಟ್ಟು ಅವುಗಳ ಮೇಲೆ ಚಿಪ್ಪಿನ ಜೀವಿಗಳನ್ನು ಬೆಳೆಸುವುದೂ ಜೀವನೋಪಾಯಗಳಾಗಿವೆ. ಈ ಜೀವಿಗಳು ಆಹಾರವನ್ನು ಹುಡುಕಿಕೊಂಡು ಹೋಗಲಾರವು. ತಮ್ಮ ಮೇಲೆ ಹರಿಯುವ ನೀರನ್ನು ಸೋಸಿ ಬದುಕುವವು. ದಿನಕ್ಕೆರಡು ಸಲ ಏರಿ ಇಳಿಯುವ ಸಮುದ್ರದ ಭರತವೇ ಅವಕ್ಕೆ ಆಹಾರವನ್ನೂ ಪ್ರಾಣವಾಯುವನ್ನೂ ತಂದುಕೊಟ್ಟು ಕಶ್ಮಲವನ್ನು ಒಯ್ಯುವುದು.

ಅಲ್ಲಿಯೂ ಇಳಿತದೊಡನೆ ಹೊರಟ ನೀರಿನಲ್ಲಿ ಒಂದಂಶ ಮುಂದಿನ ಏರಿನೊಡನೆ ಹಿಂದಿರುಗುವುದು. ಇದಲ್ಲದೆ ನದಿಯ ಸಿಹಿನೀರು ಹಗುರವಾದುದರಿಂದ ಮೇಲೆ ಹರಿಯುವುದು; ಉಪ್ಪುನೀರು ಭಾರವಾದುದರಿಂದ ತಳವನ್ನು ಹಿಡಿಯುವುದು. ಕೆರೆಗೂ ಈ ನಿಯಮವೇ ಅನ್ವಯಿಸುವುದು. ಆದರೆ ಕೆರೆಗೆ ಭರತವಿಲ್ಲ. ಅದರ ಕೆಲಸವನ್ನು ಮನುಷ್ಯನ ಕೈಯಲ್ಲಿರುವ ತೂಬೇ ಮಾಡಬೇಕು.

ಕೋಡಿಯೂ ತೂಬೂ

ಕೋಡಿಯು ಮೇಲಿನ ನೀರನ್ನು ಹೊರಹಾಕುವುದು. ತೂಬು ತಳದ ಕಡೆಯ ನೀರನ್ನು ಸೆಳೆಯುವುದು. ರಾಡಿ ತುಂಬಿದ ನೆರೆಯು ಬಿರುಸಾಗಿ ನುಗ್ಗಿದಾಗ ಕೆರೆಯ ನೀರು ತಳದವರೆಗೆ ಕಲಕುವುದುಂಟು. ಮೆಲ್ಲನೆ ಬಂದ ತಿಳಿನೀರಾದರೋ ಮೇಲೆಯೇ ನಿಂತು, ಕೋಡಿಯು ಹಳ್ಳದ ಬಾಯಿಗೆ ಸಮೀಪದಲ್ಲಿದ್ದರೆ, ಬಂದ ದಾರಿಯಲ್ಲಿಯೇ ಹೊರಟುಹೋಗುವುದು. ಇನ್ನು ಹಳೆಯದೂ ಹೊಸದೂ ಪೂರ್ಣವಾಗಿ ಬೆರೆತವೆಂದೇ ಇಟ್ಟುಕೊಂಡರೂ, ೧೦ ಪಾಲಿನ ತುಂಬಿದ ಕೆರೆಗೆ ೧೦ ಪಾಲು ಹೊಸ ನೀರು ಬಂದು ಅಷ್ಟೇ ನೀರು ಕೋಡಿ ಹರಿದಲ್ಲಿ ಹಳೆಯ ನೀರಿನಲ್ಲಿ ೬ ಪಾಲಿಗೆ ಸ್ವಲ್ಪ ಹೆಚ್ಚು ಹೋಗಿ, ೪ ಪಾಲಿಗೆ ಸ್ವಲ್ಪ ಕಡಿಮೆ ಉಳಿದುಬಿಡುವುದು. ಮಳೆಗೆ ಮೊದಲು ೧ ಪಾಲು ಮಾತ್ರ ಉಳಿದಿದ್ದ ಕೆರೆಯಲ್ಲಿ ಅದನ್ನು ತೂಬಿನಿಂದ ಕಳುಹಿಸಿ ತುಂಬಿಸಿಕೊಂಡರೆ, ಆ ಒಂದು ಪಾಲಿನ ನಷ್ಟದಿಂದ ಐದು ಪಾಲಿನ ಉಪ್ಪು ಕಳೆಯುವುದು.

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಪೂರ್ತಿಯಾದ ವಾಣೀವಿಲಾಸ ಸಾಗರವು ಇದಕ್ಕೆ ನಿದರ್ಶನ. ೧೯೩೩ರಲ್ಲಿ ಕೋಡಿ ಬಿದ್ದ ಈ ಜಲಾಶಯವು ಪುನಃ ಕೋಡಿ ಬಿದ್ದುದು ೮೯ ವರ್ಷಗಳ ಮೇಲೆ ೨೦೨೨ರಲ್ಲಿ, ಮತ್ತೆ ೨೦೨೫ರಲ್ಲಿ. ನಡುವಣ ಅಷ್ಟು ಕಾಲವೂ ಅದರ ನೀರು ಬದಲಾಗುತ್ತಿದ್ದುದು ತೂಬುಗಳಿಂದಲೂ ನಾಲೆಗಳಿಂದಲೂ ಹೊರತು ಕೋಡಿಯಿಂದಲ್ಲ.

ಮೀನು ಸಾಕುವ ಕೆರೆಗಳು

ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟ ಕೆರೆಯ ನೀರು ಹಸುರುಗಟ್ಟಿದಾಗ ಹಗಲಿನಲ್ಲಿ ಪಾಚಿಯು ಪ್ರಾಣವಾಯುವನ್ನು ಒದಗಿಸುವುದಾದರೂ ರಾತ್ರಿಯಲ್ಲಿ ತಾನೇ ಅದನ್ನು ಬಳಸುವುದು. ಮೋಡ ಕವಿದು ಗಾಳಿ ನಿಂತ ದಿನಗಳ ಬೆಳಗಿನ ಜಾವದಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಪ್ರಾಣವಾಯುವು ಕುಂದಿತೆಂದು ತಿಳಿಯತಕ್ಕದ್ದು. ಒಡನೆಯೇ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ, ಸಾಧ್ಯವಿದ್ದಲ್ಲಿ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಬಿಡಬೇಕು. ಹೊಸ ನೀರಿನ ಆಸೆಯಿಲ್ಲದ ವರ್ಷ ಮೀನನ್ನು ಬೇಗನೆ ಹಿಡಿದು ಸಂಖ್ಯೆಯನ್ನು ತಗ್ಗಿಸುವುದೇ ಲೇಸು.

ಮಾಡತಕ್ಕ ಕಾರ್ಯಗಳು

೧. ದನಕರುಗಳು ಕುಡಿಯುವ ಕಡೆಯ ನೀರನ್ನು ಬೇಸಿಗೆಯಲ್ಲಿ ಎಂದಿಗೂ ಬಿಡಕೂಡದು. ಮೊದಲನೆಯ ನೆರೆಯು ಕೆರೆಯಂಗಳವನ್ನು ಸೇರಿದುದು ನಿಶ್ಚಯವಾದ ಮೇಲೆ ಮಾತ್ರ ತೂಬನ್ನು ಎತ್ತಿ, ಹಳೆಯ ನೀರು ಹೊರಟ ಕೂಡಲೇ ಮುಚ್ಚಬೇಕು.

೨. ಆ ನೀರನ್ನು ಗದ್ದೆಗೆ ಹಾಯಿಸದೆ ಹಳ್ಳಕ್ಕೆ ತಿರುಗಿಸಬೇಕು. ಕೆಳಗೆ ಮತ್ತೊಂದು ಕೆರೆಯಿದ್ದರೆ ಆ ಊರಿನ ಮುಖಂಡರಿಗೆ ಮೊದಲೇ ತಿಳಿಸಿ, ಅವರ ತೂಬೂ ತೆರೆದಿರುವಂತೆ ಏರ್ಪಡಿಸಬೇಕು. ಇಲ್ಲವಾದರೆ ಒಂದೂರಿನ ಉಪ್ಪು ಮತ್ತೊಂದೂರಿನ ಪಾಲಾಗುವುದು.

೩. ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ತಾನಾಗಿ ಹೋಗದು. ಕೆರೆಗೋಡನ್ನು ಹೊಲಗಳಿಗೆ ಸಾಗಿಸುವವರು ತೂಬಿಗಿಂತ ತಗ್ಗಾದ ಗುಂಡಿಗಳನ್ನು ತೋಡದೆ, ತೂಬಿನ ಕಡೆಗೆ ಇಳಿಜಾರಾಗುವಂತೆ ಅಂಗಳವನ್ನು ಸಮಮಾಡತಕ್ಕದ್ದು.

೪. ತೂಬಿಗೆ ಮೀನು ಹೋಗದಂತೆ ಜಾಲರಿಯನ್ನು ಕಟ್ಟಿ, ಕಸ ಕಟ್ಟಿಕೊಳ್ಳದಂತೆ ನೀರುಗಂಟಿಯಿಂದ ನೋಡಿಸುತ್ತಿರಬೇಕು.

೫. ಮಳೆಗೆ ಮೊದಲೊಮ್ಮೆ, ಕೆರೆ ತುಂಬಿದ ಮೇಲೊಮ್ಮೆ ನೀರನ್ನು ಸೀಸೆಯಲ್ಲಿ ತುಂಬಿಸಿ ಪರೀಕ್ಷೆ ಮಾಡಿಸಬೇಕು. ಈ ವಿಷಯವಾಗಿ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಈ ಸೀಮೆಯ ಜನರು ಇಂದಿಗೂ ಸ್ಮರಿಸುವರು. ಕಟ್ಟಿಸಿದವರ ಪುಣ್ಯವು ಉಳಿಯಬೇಕಾದರೆ ಕೆರೆಗೆ ನೀರು ಬರುವ ದಾರಿಯಂತೆಯೇ ಹೋಗುವ ದಾರಿಯನ್ನೂ ಕಾಯ್ದುಕೊಳ್ಳುವುದು ಈಗಿನವರ ಕರ್ತವ್ಯವಾಗಿದೆ.